ಚಿಪ್ಪಿಕಲ್ಲು ಹೆಕ್ಕುವ ಹವ್ಯಾಸ: ಅಮೆರಿಕದ ವಾಯವ್ಯ ಕರಾವಳಿಯ ಕಟ್ಟಳೆಗಳು

ಕಡಲು ಇಳಿದಾಗ ಬಯಲಾಗುವ ಮರಳು, ಕೆಸರು, ಬಂಡೆಗಳ ನಡುವೆ ಚಿಪ್ಪಿಕಲ್ಲು, ಕಲ್ವ, ಪಚ್ಚಿಲೆ ಮೊದಲಾದ ಎರಡು ಚಿಪ್ಪಿನ ಜೀವಿಗಳನ್ನು ಮಾರಾಟಕ್ಕಲ್ಲದೆ ಮನೆಯ ಊಟಕ್ಕಾಗಿ ಹೆಕ್ಕುವುದು ಜಗತ್ತಿನ ಹಲವು ಕರಾವಳಿಗಳಲ್ಲಿ ಬಳಕೆಯಲ್ಲಿರುವ ಹವ್ಯಾಸ. ಜಪಾನಿನಲ್ಲಿ ಇದು ವಸಂತಕಾಲದ ಕುಟುಂಬ ವಿಹಾರ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಊರೂರೇ ಪರವಾನಗಿ ಕೊಟ್ಟು ನಡೆಸುವ ಹಳೆಯ ಪದ್ಧತಿ. ಪೆಸಿಫಿಕ್ ಕಡೆಯ ವಾಷಿಂಗ್ಟನ್ ರಾಜ್ಯದಲ್ಲಂತೂ ಚಳಿಗಾಲದ ರಾತ್ರಿ ಸಾವಿರಾರು ಜನ ದೀಪ ಹಿಡಿದು ದಡಕ್ಕೆ ಇಳಿಯುತ್ತಾರೆ.

ಇಷ್ಟು ಸರಳವಾಗಿ ಕಾಣುವ ಈ ಕೆಲಸಕ್ಕೆ ಬಿಗಿಯಾದ ಕಟ್ಟಳೆಗಳಿವೆ. ಅವೆಲ್ಲ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ: ಈ ದಡ ಯಾರದು? ಇಲ್ಲಿಂದ ಎಷ್ಟು ತೆಗೆಯಬಹುದು? ತೆಗೆದದ್ದನ್ನು ಇವತ್ತು ತಿನ್ನಬಹುದೇ? ಮೂರನೆಯ ಪ್ರಶ್ನೆಯ ಹಿಂದೆ ಎರಡು ಶತಮಾನಕ್ಕೂ ಮೀರಿದ ಸಾವುಗಳ ದಾಖಲೆ ಇದೆ. ಪ್ರವಾಸಿಗರು ಮರೆಯುವುದೂ ಹೆಚ್ಚಾಗಿ ಅದನ್ನೇ. ಈ ಮೂರೂ ಪ್ರಶ್ನೆಗಳು ಎಷ್ಟು ವಿವರವಾಗಿ ನಿಯಮಗಳಾಗಿ ರೂಪುಗೊಂಡಿವೆ ಎಂಬುದಕ್ಕೆ ವಾಷಿಂಗ್ಟನ್ ರಾಜ್ಯ ಒಳ್ಳೆಯ ಉದಾಹರಣೆ. ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಸುತ್ತ ನೆಲೆಸಿರುವ ಕನ್ನಡಿಗರಿಗೆ ಈ ತೀರಗಳು ವಾರಾಂತ್ಯದ ಪ್ರಯಾಣದ ದೂರದಲ್ಲೇ ಇವೆ.

ತೀರ ಮತ್ತು ಜೀವಿಗಳು

ವಾಷಿಂಗ್ಟನ್ ರಾಜ್ಯಕ್ಕೆ ಎರಡು ಬಗೆಯ ದಡಗಳಿವೆ. ಪಶ್ಚಿಮದಲ್ಲಿ ತೆರೆದ ಸಾಗರಕ್ಕೆ ಮುಖಮಾಡಿದ ಉದ್ದನೆಯ ಮರಳ ತೀರ. ಒಳಗಡೆ ಪ್ಯೂಜೆಟ್ ಸೌಂಡ್ ಮತ್ತು ಹುಡ್ ಕೆನಾಲ್ ಎಂಬ, ಬೆಟ್ಟಗಳ ನಡುವೆ ನುಗ್ಗಿದ ಶಾಂತ ಉಪ್ಪುನೀರು. ಮರಳ ತೀರದ ಮುಖ್ಯ ಜೀವಿ ಪೆಸಿಫಿಕ್ ರೇಜರ್ ಕ್ಲ್ಯಾಮ್ ಎಂಬ ಚಿಪ್ಪಿಕಲ್ಲು. ಉದ್ದನೆಯ, ತೆಳ್ಳನೆಯ, ಹೊಳೆಯುವ ಕಂದು ಚಿಪ್ಪಿನ ಈ ಪ್ರಾಣಿ ಕ್ಯಾಲಿಫೋರ್ನಿಯಾದ ಪಿಸ್ಮೊ ಬೀಚಿನಿಂದ ಅಲಾಸ್ಕದ ಅಲ್ಯೂಷಿಯನ್ ದ್ವೀಪಗಳ ತನಕ ಹರಡಿದೆ. ಒಳನಾಡಿನ ಉಪ್ಪುನೀರಿನಲ್ಲಿ ಮನಿಲಾ ಕ್ಲ್ಯಾಮ್, ಲಿಟಲ್‌ನೆಕ್, ಬಟರ್ ಕ್ಲ್ಯಾಮ್, ಕಾಕಲ್, ಕಲ್ವ ಮತ್ತು ಪಚ್ಚಿಲೆ ಸಿಗುತ್ತವೆ. ಮೂರು ಅಡಿ ಆಳದ ತನಕ ಹುದುಗಿ, ನೂರು ವರ್ಷ ದಾಟಿ ಬದುಕಬಲ್ಲ ಗೂಯಿಡಕ್ ಎಂಬ ಭಾರೀ ಚಿಪ್ಪಿಜೀವಿಯೂ ಇಲ್ಲಿಯದೇ.

ಇವೆಲ್ಲ ಈ ನೆಲದ ಮೂಲನಿವಾಸಿಗಳಲ್ಲ. ಇಂದು ದಡದಲ್ಲಿ ಹೇರಳವಾಗಿರುವ ಪೆಸಿಫಿಕ್ ಕಲ್ವವನ್ನು 20ನೆಯ ಶತಮಾನದ ಆರಂಭದಲ್ಲಿ ಸಾಕಣೆಗಾಗಿ ಜಪಾನಿನಿಂದ ತರಲಾಯಿತು. ಆ ಕಲ್ವದ ಮರಿಗಳ ಜೊತೆ ಮನಿಲಾ ಕ್ಲ್ಯಾಮ್ ಅರಿವಿಲ್ಲದೆ ಬಂದು ನೆಲೆಯೂರಿತು. ಸ್ಥಳೀಯವಾದ ಒಲಿಂಪಿಯಾ ಕಲ್ವ ಗಾತ್ರದಲ್ಲಿ ಚಿಕ್ಕದು, ಈಗ ವಿರಳ.

ರೇಜರ್ ಕ್ಲ್ಯಾಮ್ ಅಗೆಯುವ ಬಗೆ

ಲಾಂಗ್ ಬೀಚ್, ಟ್ವಿನ್ ಹಾರ್ಬರ್ಸ್, ಕೊಪಾಲಿಸ್, ಮೊಕ್ರಾಕ್ಸ್, ಕಲೇಲಾಕ್ ಇವು ರೇಜರ್ ಕ್ಲ್ಯಾಮ್ ಅಗೆಯುವ ಐದು ಹೆಸರಾಂತ ತೀರಗಳು. ಶರತ್ಕಾಲ ಮತ್ತು ಚಳಿಗಾಲದಲ್ಲಿ ಇಲ್ಲಿ ನೀರು ತೀರಾ ಕೆಳಕ್ಕೆ ಇಳಿಯುವುದು ಸಂಜೆ ಮತ್ತು ರಾತ್ರಿ. ವಸಂತ ಬಂದಂತೆ ಅಂಥ ಇಳಿತ ಬೆಳಗಿನ ಹೊತ್ತಿಗೆ ಸರಿಯುತ್ತದೆ. ಹೀಗಾಗಿ ಋತುವಿನ ಮೊದಲರ್ಧವೆಲ್ಲ ತಲೆದೀಪ, ಲಾಟೀನುಗಳ ಬೆಳಕಿನಲ್ಲೇ ಕೆಲಸ. ಇಳಿತ ಪೂರ್ಣವಾಗುವುದಕ್ಕೆ ಒಂದೆರಡು ಗಂಟೆ ಮೊದಲೇ ದಡಕ್ಕೆ ಹೋಗಿ, ಹಿಂದೆ ಸರಿಯುವ ನೀರನ್ನು ಹಿಂಬಾಲಿಸುತ್ತ ಅಗೆಯುವುದು ರೂಢಿ.

ಪ್ರಾಣಿ ಇರುವ ಜಾಗವನ್ನು ಅದರ ಉಸಿರಾಟದ ಗುರುತೇ ತೋರಿಸಿಕೊಡುತ್ತದೆ. ಅದು ತನ್ನ ಕೊಳವೆಯನ್ನು ಒಳಗೆ ಎಳೆದುಕೊಂಡಾಗ ಮರಳಿನ ಮೇಲೆ ಕುಳಿಯೋ, ಉಬ್ಬಿದ ಬಳೆಯೋ, ಬೀಗದ ಕೈಯ ತೂತಿನಂಥ ರಂಧ್ರವೋ ಮೂಡುತ್ತದೆ. ಅಗೆಯುವವರು ಕಿರಿದಾದ ಅಲಗಿನ ಗುದ್ದಲಿಯನ್ನು ಆ ಗುರುತಿನ ಕಡಲ ಬದಿಗೆ ಇಳಿಸುತ್ತಾರೆ, ಇಲ್ಲವೇ ಹಿಡಿಯಿರುವ ಕೊಳವೆಯೊಂದನ್ನು ಗುರುತಿನ ಮೇಲೆ ಒತ್ತಿ ಮರಳಿನ ಕಂಬವನ್ನೇ ಎತ್ತುತ್ತಾರೆ. ಚುರುಕಾಗಿರಬೇಕು. ರೇಜರ್ ಕ್ಲ್ಯಾಮ್ ತನ್ನ ಮಾಂಸಲ ಪಾದದಿಂದ ನಿಮಿಷಕ್ಕೆ ಸುಮಾರು ಒಂದು ಅಡಿಯಷ್ಟು ಕೆಳಕ್ಕೆ ಜಾರಬಲ್ಲದು. ಅದರ ಚಿಪ್ಪಿನ ಅಂಚು ಹರಿತ, ಗೋಡೆ ತೆಳು. ಆತುರದ ಗುದ್ದಲಿ ಬಿದ್ದರೆ ಚಿಪ್ಪೂ ಒಡೆಯುತ್ತದೆ, ಕೈಯೂ ಕೊಯ್ಯುತ್ತದೆ.

ಎಷ್ಟು ತೆಗೆಯಬಹುದು

ವಾಷಿಂಗ್ಟನ್ನಿನಲ್ಲಿ 15 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಪರವಾನಗಿ ಬೇಕು. ರೇಜರ್ ಕ್ಲ್ಯಾಮ್‌ಗೆ ಪ್ರತ್ಯೇಕ ಪರವಾನಗಿಯಿದ್ದು, ಅಲ್ಪಕಾಲದ ಭೇಟಿಗೆ ಬಂದವರಿಗಾಗಿ ಮೂರು ದಿನಗಳದ್ದೂ ಸಿಗುತ್ತದೆ. ಅದಕ್ಕಿಂತ ಕಿರಿಯ ಮಕ್ಕಳಿಗೆ ಪರವಾನಗಿ ಬೇಡ. ಆದರೆ ಮಿತಿ ಅವರಿಗೂ ಅನ್ವಯಿಸುತ್ತದೆ, ತಮ್ಮ ಪಾಲನ್ನು ಅವರೇ ಅಗೆಯಬೇಕು. ಒಬ್ಬೊಬ್ಬರ ಚೀಲವೂ ಬೇರೆ ಬೇರೆ ಇರಬೇಕು. ದಡದಲ್ಲಿ ಕೂತ ಬಂಧುವಿನ ಹೆಸರಲ್ಲಿ ಇನ್ನೊಬ್ಬರು ಅಗೆಯುವಂತಿಲ್ಲ. ಅಂಗವಿಕಲರ ವಿಶೇಷ ಪರವಾನಗಿ ಇದ್ದವರಿಗೆ ಮಾತ್ರ ನೆರವು ಪಡೆಯಲು ಅವಕಾಶವಿದೆ.

ರೇಜರ್ ಕ್ಲ್ಯಾಮ್‌ನ ದಿನದ ಮಿತಿ ಸಾಮಾನ್ಯವಾಗಿ ಮೊದಲು ಸಿಕ್ಕ 15. ಚಿಕ್ಕದಿರಲಿ, ಒಡೆದಿರಲಿ, ಕೈಗೆ ಬಂದ ಮೊದಲ 15 ಲೆಕ್ಕಕ್ಕೆ ಸೇರಲೇಬೇಕು. ಸಣ್ಣದನ್ನು ಎಸೆದು ದೊಡ್ಡದನ್ನು ಹುಡುಕುವುದು ಅಪರಾಧ. ಕಾರಣ ಪ್ರಾಣಿಯ ಮೈಕಟ್ಟಿನಲ್ಲೇ ಇದೆ: ಒಮ್ಮೆ ಅಗೆದು ಒಡೆದ ರೇಜರ್ ಕ್ಲ್ಯಾಮ್ ಮತ್ತೆ ಮರಳಿಗೆ ಹಾಕಿದರೂ ಬದುಕುವುದು ಕಷ್ಟ. ಆರಿಸಿ ಎಸೆಯಲು ಬಿಟ್ಟರೆ ಚೀಲದಲ್ಲಿ ಕಾಣುವುದಕ್ಕಿಂತ ಹೆಚ್ಚು ಜೀವಿಗಳು ದಡದಲ್ಲೇ ಸಾಯುತ್ತವೆ.

ಗಟ್ಟಿ ಚಿಪ್ಪಿನ ಒಳನಾಡು ಜೀವಿಗಳಿಗೆ ಕಟ್ಟಳೆ ಇದಕ್ಕೆ ತಿರುಗುಮುರುಗು. ಮನಿಲಾ, ಲಿಟಲ್‌ನೆಕ್, ಬಟರ್ ಕ್ಲ್ಯಾಮ್‌ಗಳು ಕನಿಷ್ಠ ಒಂದೂವರೆ ಅಂಗುಲ ಅಗಲವಿರಬೇಕು. ಚಿಕ್ಕದು ಸಿಕ್ಕರೆ ತಕ್ಷಣ ಹೂತು ಬಿಡಬೇಕು. ಅವು ಬದುಕುತ್ತವೆ, ಬೆಳೆದು ಮರಿ ಹಾಕುತ್ತವೆ. ಪ್ಯೂಜೆಟ್ ಸೌಂಡ್‌ನಲ್ಲಿ ಇಂಥ ಚಿಪ್ಪಿಕಲ್ಲುಗಳ ದಿನದ ಮಿತಿ 40, ಒಟ್ಟು ತೂಕ 10 ಪೌಂಡ್ ಮೀರಬಾರದು. ಅಗೆದ ಗುಂಡಿಯನ್ನು ಮುಚ್ಚಿಯೇ ಹೋಗಬೇಕೆಂಬುದು ಇನ್ನೊಂದು ಕಡ್ಡಾಯ. ಪಕ್ಕದಲ್ಲಿ ಗುಡ್ಡೆಯಾಗಿ ಬಿದ್ದ ಮರಳು ಕೆಳಗಿನ ಎಳೆಯ ಜೀವಿಗಳನ್ನು ಉಸಿರುಗಟ್ಟಿಸುತ್ತದೆ, ತೆರೆದ ಗುಂಡಿಯಲ್ಲಿ ಮುಂದೆ ಬರುವವರ ಕಾಲು ಸಿಕ್ಕಿಕೊಳ್ಳುತ್ತದೆ.

ಕಲ್ವಕ್ಕೆ ದಿನಕ್ಕೆ 18ರ ಮಿತಿ. ಅವನ್ನು ಸಿಕ್ಕ ಜಾಗದಲ್ಲೇ ಬಿಡಿಸಿ, ಮಾಂಸವನ್ನಷ್ಟೇ ಒಯ್ದು, ಚಿಪ್ಪನ್ನು ಅಲ್ಲೇ ಬಿಡಬೇಕು. ಚಿಪ್ಪು ಅಲಂಕಾರಕ್ಕೆಂದು ಮನೆಗೆ ಒಯ್ಯುವ ಪ್ರವಾಸಿಗೆ ಈ ನಿಯಮ ವಿಚಿತ್ರವೆನಿಸಬಹುದು. ನೀರಿನಲ್ಲಿ ತೇಲುವ ಕಲ್ವದ ಮರಿಗಳು ಅಂಟಿಕೊಂಡು ಬೆಳೆಯುವುದು ಹಳೆಯ ಚಿಪ್ಪಿನ ಮೇಲೇ. ಒಂದೊಂದು ಚಿಪ್ಪಿನ ಮೇಲೆ ಹಲವು ಮರಿಗಳಿರಬಹುದು.

1983–84ರಲ್ಲಿ ನಿಕ್ಸ್ ಎಂಬ ರೋಗಾಣು ವಾಷಿಂಗ್ಟನ್ ತೀರದ ರೇಜರ್ ಕ್ಲ್ಯಾಮ್‌ಗಳಲ್ಲಿ ಬಹುಪಾಲನ್ನು ಕೊಂದಿತು, ಅಗೆತವನ್ನೇ ನಿಲ್ಲಿಸಬೇಕಾಯಿತು. ಅದು ಮನುಷ್ಯರಿಗೆ ತಾಗುವ ರೋಗವಲ್ಲ. ಆದರೆ ಒಂದೆರಡು ವರ್ಷದಲ್ಲೇ ದಡ ಎಷ್ಟು ಬರಿದಾಗಬಲ್ಲದೆಂದು ಆಗ ಎಲ್ಲರಿಗೂ ಕಂಡಿತು. ಇಂದು ಮೀನು ಮತ್ತು ವನ್ಯಜೀವಿ ಇಲಾಖೆ ಪ್ರತಿ ತೀರದ ಸಂಖ್ಯೆಯನ್ನು ಅಂದಾಜು ಮಾಡಿ, ಆ ವರ್ಷ ಎಷ್ಟು ದಿನ ಅಗೆಯಬಹುದೆಂದು ನಿರ್ಧರಿಸುತ್ತದೆ.

ದಡ ಯಾರದು

ಕಡಲ ತೀರವೆಂದರೆ ಎಲ್ಲರದೂ ಎಂದು ನಂಬಿದವರಿಗೆ ವಾಷಿಂಗ್ಟನ್ ಅಚ್ಚರಿ ತರುತ್ತದೆ. 1889ರಲ್ಲಿ ರಾಜ್ಯವಾದ ಮೇಲೆ ಸರ್ಕಾರ ಇಳಿತದ ನೆಲವನ್ನು ಖಾಸಗಿಯವರಿಗೆ ಮಾರುತ್ತಲೇ ಹೋಯಿತು. ಕಲ್ವ ಸಾಕುವವರಿಗಾಗಿ 1895ರಲ್ಲಿ ಬುಷ್ ಮತ್ತು ಕ್ಯಾಲೊ ಕಾಯ್ದೆಗಳು ಬಂದವು. ಮಾರಾಟ ನಿಂತದ್ದು 1971ರಲ್ಲಿ. ಅಷ್ಟರಲ್ಲಿ ಪ್ಯೂಜೆಟ್ ಸೌಂಡ್ ಸುತ್ತಲಿನ ಇಳಿತದ ನೆಲದ ದೊಡ್ಡ ಭಾಗ ಖಾಸಗಿ ಆಸ್ತಿಯಾಗಿತ್ತು. ನೀರು ತುಂಬಿದಾಗ ಅದರ ಮೇಲೆ ದೋಣಿ ಹೋಗಬಹುದು. ನೀರು ಇಳಿದಾಗ ಅಲ್ಲಿ ಗುದ್ದಲಿ ಹಾಕಿದರೆ ಅದು ಕಳವು. ಆದ್ದರಿಂದ ಸಾರ್ವಜನಿಕ ತೀರಗಳ ಪಟ್ಟಿಯನ್ನೂ ಅವುಗಳ ಎಲ್ಲೆಯ ಗುರುತುಗಳನ್ನೂ ನೋಡಿಕೊಳ್ಳದೆ ಇಳಿಯಬಾರದು.

ಇದಕ್ಕಿಂತ ಹಳೆಯ ಹಕ್ಕು ಮೂಲನಿವಾಸಿಗಳದು. ಬ್ರಿಟಿಷ್ ಕೊಲಂಬಿಯಾ ಮತ್ತು ಉತ್ತರ ವಾಷಿಂಗ್ಟನ್ ತೀರಗಳಲ್ಲಿ ಅವರು ಇಳಿತದ ಗೆರೆಯಲ್ಲಿ ಕಲ್ಲಿನ ತಡೆಗೋಡೆ ಕಟ್ಟಿ, ಹಿಂದೆ ಮರಳು ನಿಲ್ಲಿಸಿ, ಚಿಪ್ಪಿಕಲ್ಲಿನ ತೋಟಗಳನ್ನೇ ಮಾಡಿದ್ದರು. ಕೆನಡಾದ ಕ್ವಾಡ್ರಾ ದ್ವೀಪದ ಕೆಲವು ಗೋಡೆಗಳಿಗೆ 3,500 ವರ್ಷಗಳ ಪ್ರಾಯವಿದೆ. 2022ರಲ್ಲಿ ಸ್ವಿನೊಮಿಷ್ ಸಮುದಾಯ ವಾಷಿಂಗ್ಟನ್ನಿನಲ್ಲಿ ಅಂಥ ತೋಟವೊಂದನ್ನು ಹೊಸದಾಗಿ ಕಟ್ಟಿತು.

1854–55ರಲ್ಲಿ ಗವರ್ನರ್ ಐಸಾಕ್ ಸ್ಟೀವನ್ಸ್ ಇಲ್ಲಿನ ಬುಡಕಟ್ಟುಗಳೊಂದಿಗೆ ಮಾಡಿಕೊಂಡ ಒಪ್ಪಂದಗಳು, ಅವರು ನೆಲವನ್ನು ಬಿಟ್ಟುಕೊಟ್ಟರೂ ತಲೆತಲಾಂತರದ ತಾಣಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಅವರಿಗೇ ಉಳಿಸಿದವು. ಆ ಹಕ್ಕನ್ನು ಒಂದು ಶತಮಾನ ಕಾಲ ಸರಿಯಾಗಿ ಮನ್ನಿಸಲಿಲ್ಲ. 1974ರ ಬೋಲ್ಟ್ ತೀರ್ಪು ಹಿಡಿಯಬಹುದಾದ ಮೀನಿನ ಅರ್ಧ ಅವರದೆಂದು ಹೇಳಿತು. 1994ರಲ್ಲಿ ನ್ಯಾಯಾಧೀಶ ಎಡ್ವರ್ಡ್ ರಫೀಡಿ ಅದೇ ತತ್ವವನ್ನು ಚಿಪ್ಪಿಜೀವಿಗಳಿಗೂ ವಿಸ್ತರಿಸಿದರು: ಸಹಜ ಹಾಸುಗಳ ಕೊಯ್ಲಿನ ಅರ್ಧ ಬುಡಕಟ್ಟುಗಳಿಗೆ. 1999ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ಒಪ್ಪದಿದ್ದಾಗ ವಿವಾದ ಬಹುಮಟ್ಟಿಗೆ ಮುಗಿಯಿತು. ಇಂದು ರಾಜ್ಯ ಸರ್ಕಾರ ಮತ್ತು ಬುಡಕಟ್ಟುಗಳು ಕೂಡಿ ಕೊಯ್ಲಿನ ಪ್ರಮಾಣ ನಿಗದಿ ಮಾಡುತ್ತವೆ. ಪ್ರವಾಸಿಯ ಚೀಲದ ಮಿತಿ ಈ ಹಂಚಿಕೆಯಿಂದಲೂ ಬಂದದ್ದು.

ಇವತ್ತು ತಿನ್ನಬಹುದೇ

ಚಿಪ್ಪಿಜೀವಿಗಳು ನೀರನ್ನು ಸೋಸಿ ಅದರಲ್ಲಿನ ಸೂಕ್ಷ್ಮ ಪಾಚಿಗಳನ್ನು ತಿನ್ನುತ್ತವೆ. ಕೆಲವು ಪಾಚಿಗಳು ವಿಷ ತಯಾರಿಸುತ್ತವೆ. ಆ ವಿಷ ಚಿಪ್ಪಿಜೀವಿಗೆ ತೊಂದರೆ ಕೊಡದೆ ಅದರ ಮೈಯಲ್ಲಿ ಸೇರುತ್ತ ಹೋಗುತ್ತದೆ, ತಿಂದ ಮನುಷ್ಯನಿಗೆ ಮಾರಕವಾಗುತ್ತದೆ. ನೋಟದಲ್ಲಿ, ವಾಸನೆಯಲ್ಲಿ, ರುಚಿಯಲ್ಲಿ ವ್ಯತ್ಯಾಸವಿಲ್ಲ. ಬೇಯಿಸಿದರೂ, ಹೆಪ್ಪುಗಟ್ಟಿಸಿದರೂ ಅದು ನಾಶವಾಗುವುದಿಲ್ಲ. ಬೆಳ್ಳಿ ಚಮಚ ಕಪ್ಪಾದರೆ ವಿಷವಿದೆ ಎಂಬಂಥ ಹಳೆಯ ಪರೀಕ್ಷೆಗಳು ಯಾವುವೂ ನಂಬಲರ್ಹವಲ್ಲ. ನೀರು ಕೆಂಪಾದರೆ ಮಾತ್ರ ಅಪಾಯ ಎನ್ನುವುದೂ ತಪ್ಪು, ತಿಳಿನೀರಿನಲ್ಲೂ ವಿಷವಿರಬಹುದು.

ಅಲೆಕ್ಸಾಂಡ್ರಿಯಂ ಎಂಬ ಪಾಚಿ ಕೊಡುವ ಸ್ಯಾಕ್ಸಿಟಾಕ್ಸಿನ್ ನರಗಳನ್ನು ಕಟ್ಟಿಹಾಕುತ್ತದೆ. ಮೊದಲು ತುಟಿ, ನಾಲಿಗೆ ಜುಮುಗುಡುತ್ತವೆ. ಬಳಿಕ ಕೈಕಾಲು ಮರಗಟ್ಟುತ್ತವೆ. ತೀವ್ರವಾದರೆ ಉಸಿರಾಟವೇ ನಿಲ್ಲುತ್ತದೆ. ಇದಕ್ಕೆ ಪ್ರತಿವಿಷವಿಲ್ಲ, ಆಸ್ಪತ್ರೆಯಲ್ಲಿ ಕೃತಕ ಉಸಿರಾಟದಿಂದ ರೋಗಿಯನ್ನು ಉಳಿಸಿಕೊಳ್ಳಬೇಕು. 1793ರ ಜೂನ್‌ನಲ್ಲಿ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್ ನೌಕಾಯಾನದ ತಂಡದವರು ಇಂದಿನ ಬ್ರಿಟಿಷ್ ಕೊಲಂಬಿಯಾದಲ್ಲಿ ಪಚ್ಚಿಲೆ ತಿಂದರು, ಜಾನ್ ಕಾರ್ಟರ್ ಎಂಬ ನಾವಿಕ ಸತ್ತ. ಅಲ್ಲಿಯ ಕಾರ್ಟರ್ ಬೇ, ಪಾಯ್ಸನ್ ಕೋವ್ ಎಂಬ ಹೆಸರುಗಳು ಆಗ ಇಟ್ಟಂಥವು. 1799ರಲ್ಲಿ ಅಲಾಸ್ಕದ ಪೆರಿಲ್ ಜಲಸಂಧಿಯಲ್ಲಿ ರಷ್ಯನ್ ವ್ಯಾಪಾರಿ ತಂಡದ ಸುಮಾರು 100 ಮಂದಿ ಅಲ್ಯೂಟ್ ಬೇಟೆಗಾರರು ಇದೇ ರೀತಿ ಪ್ರಾಣ ಕಳೆದುಕೊಂಡರು. 1927ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತ 102 ಜನ ಅಸ್ವಸ್ಥರಾಗಿ ಆರು ಮಂದಿ ಸತ್ತರು. ವಿಷದ ಮೂಲ ಪಾಚಿ ಎಂದು ವಿಜ್ಞಾನಿಗಳು ಪತ್ತೆಹಚ್ಚಿದ್ದು ಆ ದುರಂತದ ಬಳಿಕ ನಡೆದ ಸಂಶೋಧನೆಯಿಂದ. ಇದು ಹಳೆಯ ಕಾಲದ ಕತೆಯಲ್ಲ. 2024ರ ಮೇ ತಿಂಗಳಲ್ಲಿ ಆರೆಗನ್ ತೀರದಲ್ಲಿ ಪಚ್ಚಿಲೆ ಹೆಕ್ಕಿ ತಿಂದ 20ಕ್ಕೂ ಹೆಚ್ಚು ಜನ ಅಸ್ವಸ್ಥರಾದರು, ಇಡೀ ರಾಜ್ಯದ ತೀರದಲ್ಲಿ ಪಚ್ಚಿಲೆ ಕೊಯ್ಲನ್ನು ಮುಚ್ಚಲಾಯಿತು.

ಎರಡನೆಯ ವಿಷ ಡೊಮೊಯಿಕ್ ಆಮ್ಲ. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಪಚ್ಚಿಲೆ ತಿಂದ ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದಾಗ ಇದು ಬೆಳಕಿಗೆ ಬಂತು. ಕೆಲವರು ಸತ್ತರು, ಬದುಕಿದವರಲ್ಲಿ ಕೆಲವರ ನೆನಪಿನ ಶಕ್ತಿಯೇ ಶಾಶ್ವತವಾಗಿ ಕುಂದಿತು. 1991ರ ಶರತ್ಕಾಲದಲ್ಲಿ ಅದೇ ವಿಷ ವಾಷಿಂಗ್ಟನ್ನಿನ ರೇಜರ್ ಕ್ಲ್ಯಾಮ್‌ಗಳಲ್ಲಿ ಕಂಡಿತು. 2015ರಲ್ಲಿ ಪೆಸಿಫಿಕ್ ತೀರದುದ್ದಕ್ಕೂ ಹರಡಿದ ಪಾಚಿಯ ಹಬ್ಬುವಿಕೆಯಿಂದ ಅಗೆತ ತಿಂಗಳುಗಟ್ಟಲೆ ನಿಂತಿತು. ರೇಜರ್ ಕ್ಲ್ಯಾಮ್ ಈ ವಿಷವನ್ನು ಬೇಗ ಹೊರಹಾಕುವುದಿಲ್ಲ. ನೀರಿನಲ್ಲಿ ಪಾಚಿ ಮಾಯವಾಗಿ ತಿಂಗಳುಗಳು ಕಳೆದರೂ ಅದರ ಮಾಂಸದಲ್ಲಿ ವಿಷ ಉಳಿದಿರುತ್ತದೆ. ಬಟರ್ ಕ್ಲ್ಯಾಮ್ ಸ್ಯಾಕ್ಸಿಟಾಕ್ಸಿನ್ನನ್ನು ಎರಡು ವರ್ಷದ ತನಕವೂ ಹಿಡಿದಿಡಬಲ್ಲದು. ಆದ್ದರಿಂದ ಹೆಸರಿನಲ್ಲಿ 'ಆರ್' ಅಕ್ಷರವಿರುವ ಇಂಗ್ಲಿಷ್ ತಿಂಗಳುಗಳಲ್ಲಿ ಚಿಪ್ಪಿಜೀವಿ ತಿನ್ನುವುದು ಸುರಕ್ಷಿತ ಎಂಬ ಪಾಶ್ಚಾತ್ಯ ನಂಬಿಕೆಯನ್ನು ನೆಚ್ಚಿಕೊಳ್ಳಬಾರದು.

ಮೂರನೆಯದು ಅತಿಸಾರದ ವಿಷ. 2011ರಲ್ಲಿ ವಾಷಿಂಗ್ಟನ್ನಿನ ಸೀಕ್ವಿಮ್ ಬೇ ಎಂಬಲ್ಲಿ ಹೆಕ್ಕಿದ ಪಚ್ಚಿಲೆ ತಿಂದು ಮೂವರು ಅಸ್ವಸ್ಥರಾದರು. ಇವಲ್ಲದೆ ಬೇಸಿಗೆಯಲ್ಲಿ ಬಿಸಿಯೇರಿದ ನೀರಿನಲ್ಲಿ ಹೆಚ್ಚುವ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾವಿದೆ. ಹಸಿ ಕಲ್ವ ತಿನ್ನುವವರಿಗೆ ಇದರ ಕಾಟ. ವಿಬ್ರಿಯೊ ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ: ಒಳಗಿನ ಉಷ್ಣತೆ 145 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 63 ಡಿಗ್ರಿ ಸೆಲ್ಸಿಯಸ್, ಮುಟ್ಟಿ 15 ಸೆಕೆಂಡ್ ನಿಲ್ಲಬೇಕೆಂದು ಆರೋಗ್ಯ ಇಲಾಖೆ ಹೇಳುತ್ತದೆ. ಬ್ಯಾಕ್ಟೀರಿಯಾಕ್ಕೆ ಬೆಂಕಿ ಸಾಕು, ಪಾಚಿಯ ವಿಷಕ್ಕೆ ಸಾಲದು.

ಇದಕ್ಕಾಗಿಯೇ ವಾಷಿಂಗ್ಟನ್ನಿನಲ್ಲಿ ಎರಡು ಇಲಾಖೆಗಳ ಒಪ್ಪಿಗೆ ಬೇಕು. ಋತು ತೆರೆದಿದೆಯೇ ಎಂದು ಹೇಳುವುದು ಮೀನು ಮತ್ತು ವನ್ಯಜೀವಿ ಇಲಾಖೆ. ಆ ದಡದ ಚಿಪ್ಪಿಜೀವಿ ತಿನ್ನಲು ಯೋಗ್ಯವೇ ಎಂದು ಹೇಳುವುದು ಆರೋಗ್ಯ ಇಲಾಖೆ. ಆರೋಗ್ಯ ಇಲಾಖೆ ಮಾದರಿಗಳನ್ನು ಪರೀಕ್ಷಿಸಿ, 100 ಗ್ರಾಂ ಮಾಂಸದಲ್ಲಿ ಸ್ಯಾಕ್ಸಿಟಾಕ್ಸಿನ್ 80 ಮೈಕ್ರೋಗ್ರಾಂ ಮುಟ್ಟಿದರೆ ಅಥವಾ ಡೊಮೊಯಿಕ್ ಆಮ್ಲ ದಶಲಕ್ಷದಲ್ಲಿ 20 ಭಾಗ ಮುಟ್ಟಿದರೆ ತೀರವನ್ನು ಮುಚ್ಚುತ್ತದೆ. ಯಾವ ದಡ ತೆರೆದಿದೆ, ಯಾವುದು ಮುಚ್ಚಿದೆ ಎಂಬ ನಕ್ಷೆಯನ್ನು ಅಂತರ್ಜಾಲದಲ್ಲಿ ಇಡುತ್ತದೆ. ರೇಜರ್ ಕ್ಲ್ಯಾಮ್ ದಿನಗಳ ಅಂತಿಮ ಘೋಷಣೆಯೂ ವಿಷ ಪರೀಕ್ಷೆಯ ಫಲಿತಾಂಶ ಬಂದ ಮೇಲೆಯೇ.

ಬೇರೆ ತೀರಗಳ ರೀತಿ

ರಾಜ್ಯದ ಗಡಿ ದಾಟಿದರೆ ಲೆಕ್ಕ ಬದಲಾಗುತ್ತದೆ. ನೆರೆಯ ಆರೆಗನ್‌ನಲ್ಲೂ ರೇಜರ್ ಕ್ಲ್ಯಾಮ್ ಮಿತಿ ಮೊದಲ 15, ಆದರೆ ಪರವಾನಗಿ 12 ವರ್ಷದಿಂದಲೇ ಬೇಕು. ಅಲ್ಲಿಯ ಕ್ಲ್ಯಾಟ್ಸಪ್ ತೀರಗಳು ಎಳೆಯ ಜೀವಿಗಳ ರಕ್ಷಣೆಗಾಗಿ ಜುಲೈ 15ರಿಂದ ಸೆಪ್ಟೆಂಬರ್ 30ರ ತನಕ ಮುಚ್ಚಿರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಹವ್ಯಾಸಿಗಳು ಪಚ್ಚಿಲೆ ಕೀಳುವುದಕ್ಕೆ ಸಾಮಾನ್ಯವಾಗಿ ಮೇ 1ರಿಂದ ಅಕ್ಟೋಬರ್ 31ರ ತನಕ ನಿಷೇಧ. ಅಲಾಸ್ಕದಲ್ಲಿ ಹವ್ಯಾಸಿಗಳ ತೀರಗಳನ್ನು ರಾಜ್ಯ ನಿಯತವಾಗಿ ಪರೀಕ್ಷಿಸುವುದಿಲ್ಲ, ಅಲ್ಲಿ ಹೆಕ್ಕಿ ತಿನ್ನುವವರು ತಮ್ಮ ಜೀವದ ಹೊಣೆಯನ್ನು ತಾವೇ ಹೊರಬೇಕು.

ಮ್ಯಾಸಚೂಸೆಟ್ಸ್‌ನಲ್ಲಿ 1640ರ ದಶಕದ ವಸಾಹತು ಕಾನೂನು ಇಳಿತದ ನೆಲವನ್ನು ದಡದ ಮಾಲೀಕರಿಗೆ ಕೊಟ್ಟರೂ ಮೀನು, ಹಕ್ಕಿ, ದೋಣಿ ಸಂಚಾರದ ಹಕ್ಕನ್ನು ಜನರಿಗೆ ಉಳಿಸಿತು. ಪರವಾನಗಿ ಕೊಡುವುದು ಪಟ್ಟಣಗಳು. ದಡದಲ್ಲಿ ತಿರುಗಿ ಅಳತೆಪಟ್ಟಿಯಿಂದ ಚಿಪ್ಪುಗಳನ್ನು ಅಳೆಯುವ ಪಟ್ಟಣದ ಅಧಿಕಾರಿಯೂ ಇರುತ್ತಾನೆ. ಮೃದು ಚಿಪ್ಪಿನ ಕ್ಲ್ಯಾಮ್ ಕನಿಷ್ಠ ಎರಡು ಅಂಗುಲ ಉದ್ದ, ಕ್ವಾಹಾಗ್ ಒಂದು ಅಂಗುಲ ದಪ್ಪ ಇರಬೇಕು.

ಇಂಗ್ಲೆಂಡಿನ ಮೋರ್ಕಂಬ್ ಕೊಲ್ಲಿ ಬೇರೊಂದು ಅಪಾಯವನ್ನು ನೆನಪಿಸುತ್ತದೆ. 2004ರ ಫೆಬ್ರವರಿ 5ರ ರಾತ್ರಿ ಅಲ್ಲಿ ಕಾಕಲ್ ಹೆಕ್ಕಲು ಹೋಗಿದ್ದ ಕನಿಷ್ಠ 21 ಚೀನೀ ಕೂಲಿಕಾರರು ನುಗ್ಗಿ ಬಂದ ಭರತಕ್ಕೆ ಸಿಕ್ಕಿ ಮುಳುಗಿದರು. ಅವರು ಹವ್ಯಾಸಿಗಳಲ್ಲ, ಹೊಟ್ಟೆಪಾಡಿಗೆ ದುಡಿಯುತ್ತಿದ್ದವರು. ಆ ದುರಂತದ ಬಳಿಕ ಕೂಲಿ ಗುತ್ತಿಗೆದಾರರಿಗೆ ಪರವಾನಗಿ ಕಡ್ಡಾಯ ಮಾಡುವ ಕಾನೂನು ಅದೇ ವರ್ಷ ಬಂತು. ಸಮತಟ್ಟಾದ ವಿಶಾಲ ದಡದಲ್ಲಿ ನೀರು ಬೆನ್ನ ಹಿಂದಿನ ಕಾಲುವೆಗಳನ್ನು ಮೊದಲು ತುಂಬಿ ದಾರಿಯನ್ನೇ ಕಡಿದುಹಾಕುತ್ತದೆ ಎಂಬುದು ಪ್ರವಾಸಿಗೂ ಗೊತ್ತಿರಬೇಕಾದ ಸಂಗತಿ.

ಕರ್ನಾಟಕದ ಕರಾವಳಿಗೆ ಇರುವ ನಂಟು

ಚಿಪ್ಪಿಕಲ್ಲು ಕನ್ನಡ ಕರಾವಳಿಗೆ ಹೊಸದಲ್ಲ. ದಕ್ಷಿಣ ಕನ್ನಡದ ಮರುವಾಯಿ, ಉತ್ತರ ಕನ್ನಡದ ಬಳಚು ಊಟದ ತಟ್ಟೆಯ ಹಳೆಯ ಪರಿಚಯ. ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಗಂಡಸರೂ ಹೆಂಗಸರೂ ಚಿಪ್ಪಿಕಲ್ಲು ಹೆಕ್ಕಿ ಬದುಕು ನಡೆಸುತ್ತಾರೆ. 2024ರಲ್ಲಿ ಈ ಅಳಿವೆ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿತು. ಇಲ್ಲಿ ಇದು ವಿಹಾರಕ್ಕಿಂತ ಜೀವನೋಪಾಯ.

ಪಾಚಿಯ ವಿಷವೂ ಈ ತೀರವನ್ನು ಬಿಟ್ಟಿಲ್ಲ. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆ ಅಳಿವೆಯ ಚಿಪ್ಪಿಕಲ್ಲು ತಿಂದು ಹಲವರು ಅಸ್ವಸ್ಥರಾದರು, ಒಬ್ಬ ಬಾಲಕ ಸತ್ತ. ಅದು ಸ್ಯಾಕ್ಸಿಟಾಕ್ಸಿನ್ ಬಗೆಯ ವಿಷವೆಂದು ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು ದಾಖಲಿಸಿದರು. ಭಾರತದಲ್ಲಿ ಕಟ್ಟುಪಾಡಿನ ಕೊಯ್ಲಿಗೂ ಮಾದರಿಯಿದೆ: ಕೇರಳದ ಅಷ್ಟಮುಡಿ ಕಾಯಲಿನ ಚಿಪ್ಪಿಕಲ್ಲು ಮೀನುಗಾರರು ಸಂತಾನೋತ್ಪತ್ತಿಯ ತಿಂಗಳುಗಳಲ್ಲಿ ಕೊಯ್ಲು ನಿಲ್ಲಿಸಿ, ಬಲೆಯ ಕಣ್ಣಿನ ಅಳತೆಗೆ ಮಿತಿ ಹಾಕಿಕೊಂಡು 2014ರಲ್ಲಿ ಮರೀನ್ ಸ್ಟೂವರ್ಡ್‌ಶಿಪ್ ಕೌನ್ಸಿಲ್ ಪ್ರಮಾಣಪತ್ರ ಪಡೆದರು. ದೇಶದಲ್ಲಿ ಅಂಥ ಮನ್ನಣೆ ಪಡೆದ ಮೊದಲ ಮೀನುಗಾರಿಕೆ ಅದು.

ದಡಕ್ಕಿಳಿಯುವ ಮುನ್ನ

ಹೊಸ ತೀರಕ್ಕೆ ಹೋಗುವ ಪ್ರವಾಸಿ ಹೊರಡುವ ದಿನವೇ ನೋಡಬೇಕಾದವು ನಾಲ್ಕು: ಆ ದಡ ಸಾರ್ವಜನಿಕವೇ, ಆ ಜೀವಿಯ ಋತು ತೆರೆದಿದೆಯೇ, ಆರೋಗ್ಯ ಇಲಾಖೆಯ ನಕ್ಷೆಯಲ್ಲಿ ಅಲ್ಲಿ ಮುಚ್ಚುಗಡೆ ಇದೆಯೇ, ಇಳಿತ ಎಷ್ಟು ಗಂಟೆಗೆ. ಕಳೆದ ವಾರದ ಮಾಹಿತಿ, ಗೆಳೆಯರ ಭರವಸೆ, ಪಕ್ಕದ ದಡದಲ್ಲಿ ಜನ ಅಗೆಯುತ್ತಿರುವುದು, ಇವು ಯಾವುವೂ ಪರೀಕ್ಷೆಯ ಫಲಿತಾಂಶಕ್ಕೆ ಬದಲಿಯಲ್ಲ. ಮಿತಿ ಮತ್ತು ಅಳತೆಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ಋತುವಿನ ಅಧಿಕೃತ ಪುಸ್ತಿಕೆಯನ್ನೇ ನೋಡಬೇಕು. ಗುದ್ದಲಿ, ಚೀಲ, ಪರವಾನಗಿ ಪತ್ರದ ಜೊತೆ ಅಳತೆಪಟ್ಟಿ ಇರಲಿ. ಸಾಗರದ ತೀರದಲ್ಲಿ ಅಲೆಗಳಿಗೆ ಬೆನ್ನು ಹಾಕಿ ಕೂರಬಾರದು, ರಾತ್ರಿ ಒಬ್ಬರೇ ಇಳಿಯಬಾರದು. ಹೆಕ್ಕಿದ್ದನ್ನು ತಣ್ಣಗೆ ಇಟ್ಟು ಬೇಗ ಅಡುಗೆ ಮಾಡಬೇಕು. ತಿಂದ ಬಳಿಕ ತುಟಿ ಜುಮುಗುಟ್ಟಿದರೆ, ಕೈಕಾಲು ಮರಗಟ್ಟಿದರೆ, ಒಂದು ಗಳಿಗೆಯೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ, ಏನು ತಿಂದದ್ದು, ಎಲ್ಲಿ ಹೆಕ್ಕಿದ್ದು ಎಂದು ವೈದ್ಯರಿಗೆ ತಿಳಿಸಬೇಕು.